ಎದುರು ಮನೆ ಹೂವು

ಕಿಟ್ಟು ಆ ಸೋಮವಾರ ರಾಹುಕಾಲ ನೋಡದೇ ಇದ್ದಿದ್ದರೆ ಇಷ್ಟೆಲ್ಲ ಆಗುತ್ತಲೇ ಇರಲಿಲ್ಲ.

ಬೆಳಿಗ್ಗೆ ಹಲ್ಲುಜ್ಜುತ್ತ ಗೇಟಿನ ಹತ್ತಿರ ಬಂದವನು ಕುಂಡದ ಮುಂದೆ ಹಾಗೇ ನಿಂತುಬಿಟ್ಟ. ಮೂರು ವರ್ಷದಿಂದ ಬರೀ ಎಲೆ ತೋರಿಸಿ ಕಾಲ ತಳ್ಳುತ್ತಿದ್ದ ಗಿಡದ ತುದಿಯಲ್ಲಿದ್ದ ಒಂದೇ ಒಂದು ಮೊಗ್ಗು ಬಿರಿದಿತ್ತು. ಗಂಟೆಯಂಥ ಹೂವು. ನೀಲಿ ಅನ್ನೋಣವೆಂದರೆ ನೇರಳೆ, ನೇರಳೆ ಅನ್ನೋಣವೆಂದರೆ ನೀಲಿ. ಒಳಗೆ ಯಾರೋ ಅರಿಶಿನ ಚಿಮುಕಿಸಿದ ಹಾಗೆ ಸಣ್ಣ ಚುಕ್ಕೆಗಳು. "ಹಂಸಾ!" ಎಂದು ಹೆಂಡತಿಯನ್ನು ಕೂಗಿದ. ಬಾಯಲ್ಲಿದ್ದ ಪೇಸ್ಟಿನ ನೊರೆ ಹೂವಿನ ಮೇಲೆ ಬೀಳುವುದರಲ್ಲಿತ್ತು, ಪುಣ್ಯಕ್ಕೆ ಬನಿಯನ್ನಿನ ಮೇಲೆ ಬಿತ್ತು.

ಈ ಗಿಡ ಅವನಿಗೆ ಸಿಕ್ಕಿದ್ದು ಆಫೀಸಿನವರ ಜೊತೆ ಘಟ್ಟದ ಕಡೆ ಪಿಕ್ನಿಕ್ಕಿಗೆ ಹೋಗಿದ್ದಾಗ. ಬೇರೆಯವರು ಬೆಟ್ಟ ಹತ್ತಿ ಹೊಸ ಗಿಡ ಕಂಡುಹಿಡಿಯುತ್ತಾರೆ. ಕಿಟ್ಟು ಬೆಟ್ಟದಿಂದ ಜಾರಿ ಕಂಡುಹಿಡಿದ. ಜಾರುವಾಗ ಕೈಗೆ ಸಿಕ್ಕಿದ್ದನ್ನು ಗಟ್ಟಿಯಾಗಿ ಹಿಡಿದುಕೊಂಡ. ಅದೂ ಬೇರುಸಮೇತ ಅವನ ಜೊತೆಗೇ ಕೆಳಗೆ ಬಂತು. ಸಹೋದ್ಯೋಗಿಗಳೆಲ್ಲ ಅವನ ಹರಿದ ಪ್ಯಾಂಟಿನ ಫೋಟೋ ತೆಗೆಯುವುದರಲ್ಲಿದ್ದಾಗ ಅವನು ಕೈಯಲ್ಲಿದ್ದ ಎಲೆಯ ಅಂಚನ್ನೇ ನೋಡುತ್ತಿದ್ದ. ಬಾಟನಿಯಲ್ಲಿ ಬಿ.ಎಸ್ಸಿ. ಮಾಡಿ ವಿಮೆ ಆಫೀಸಿನಲ್ಲಿ ಗುಮಾಸ್ತನಾದವನಿಗೆ ಓದಿದ್ದು ಉಪಯೋಗಕ್ಕೆ ಬಂದದ್ದು ಅದೇ ಮೊದಲು. ಅಂಥ ಎಲೆಯನ್ನು ಅವನು ಎಲ್ಲೂ ಕಂಡಿರಲಿಲ್ಲ.

ಗಿಡವನ್ನು ಬೆನ್ಸನ್ ಟೌನಿನ ಡಾಕ್ಟರ್ ಮಾರಿಯಾ ಅವರ ಹತ್ತಿರ ಒಯ್ದ. ಕಾಲೇಜಿನಲ್ಲಿ ಅವನಿಗೆ ಪಾಠ ಹೇಳಿದವರು. ಈಗ ಎಂಬತ್ತರ ಹತ್ತಿರವಾಗಿದ್ದರೂ ಹೊಸ ಗಿಡಗಳ ವಿಷಯದಲ್ಲಿ ಅವರ ಮಾತೇ ಕೊನೆ.

"ಎಲೆ ನೋಡಿ ಏನೂ ಹೇಳೋಕಾಗಲ್ಲ, ಕೃಷ್ಣಮೂರ್ತಿ. ಐ ವಾಂಟ್ ದ ಫ್ಲವರ್," ಎಂದಿದ್ದರು ಮೇಡಂ. "ಈ ಥರದ ಗಿಡಗಳು ಒಂದೇ ಸಲ ಹೂ ಬಿಟ್ಟು ಸತ್ತೋಗ್ತವೆ. ಬಿಟ್ಟ ದಿನವೇ ಕಿತ್ತು, ಪೇಪರ್ ಮಧ್ಯೆ ಇಟ್ಕೊಂಡು ಬಂದ್ಬಿಡಿ. ಹೊಸದೇ ಆಗಿದ್ರೆ ವಿವರಣೆ ನಾನು ಬರೀತೀನಿ. ಹೂವು ಕಿತ್ತವರ ಹೆಸರನ್ನೇ ಗಿಡಕ್ಕೆ ಇಡೋದು ನನ್ನ ಪದ್ಧತಿ."

ಬಸ್ಸಿಳಿಯುವಷ್ಟರಲ್ಲಿ ಕಿಟ್ಟು ಹೆಸರು ಸಿದ್ಧ ಮಾಡಿಕೊಂಡಿದ್ದ. ಕೃಷ್ಣಮೂರ್ತಿಗೆ ಲ್ಯಾಟಿನ್ನಿನ ಬಾಲ ಸೇರಿಸಿ 'ಕೃಷ್ಣಮೂರ್ತಿಯೈ'. ಬಚ್ಚಲುಮನೆಯಲ್ಲಿ ಅದನ್ನು ದಿನಕ್ಕೊಂದು ರಾಗದಲ್ಲಿ ಹೇಳಿಕೊಳ್ಳುತ್ತಿದ್ದ. ನಗಬೇಡಿ. ಮನೆಯಲ್ಲಿ ಅವನು 'ರೀ', ಆಫೀಸಿನಲ್ಲಿ 'ಕ್ಲೇಮ್ಸ್ ಸೆಕ್ಷನ್', ಬೀದಿಯಲ್ಲಿ 'ಅನಸೂಯಮ್ಮನ ಎದುರು ಮನೆಯವರು'. ಕಗ್ಗದಾಸಪುರದ ಆ ಕ್ರಾಸಿನಲ್ಲಿ ಎಲ್ಲರಿಗಿಂತ ಮೊದಲು ಮನೆ ಕಟ್ಟಿದವರು ಅನಸೂಯಮ್ಮ. ಗ್ಯಾಸಿನವನಿಗಾಗಲಿ, ಕೊರಿಯರಿನವನಿಗಾಗಲಿ, ಕೊನೆಗೆ ಹೆಣ್ಣು ಕೊಟ್ಟ ಮಾವನಿಗಾಗಲಿ ಕಿಟ್ಟು ದಾರಿ ಹೇಳುತ್ತಿದ್ದುದು ಒಂದೇ ಥರ: "ಅನಸೂಯಮ್ಮನ ಮನೆ ಎದುರು." ಎಲ್ಲೋ ಒಂದು ಪುಸ್ತಕದ ಮೂಲೆಯಲ್ಲಾದರೂ ತನ್ನ ಹೆಸರು ಯಾರ ಎದುರಿಗೂ ಇಲ್ಲದೆ ತನ್ನಷ್ಟಕ್ಕೆ ತಾನು ಇರಲಿ ಎಂದು ಅವನಿಗೆ ತುಂಬಾ ಆಸೆಯಿತ್ತು.

ಹೊರಗೆ ಬಂದ ಹಂಸ ಹೂವು ನೋಡಿದಳು. "ಚೆನ್ನಾಗಿದೆ ಕಣ್ರೀ. ಮೊದ್ಲು ಕಿತ್ತು ಒಳಗಿಟ್ಕೊಳ್ಳಿ."

ಕಿಟ್ಟು ಕತ್ತರಿ ತರಲು ಒಳಗೆ ಹೋದವನು ಕ್ಯಾಲೆಂಡರು ನೋಡಿದ. ಸೋಮವಾರ. ರಾಹುಕಾಲ ಆಗಷ್ಟೇ ಶುರುವಾಗಿತ್ತು.

"ಹುಟ್ಟಿದಾಗಿನಿಂದ ಇದೊಂದು ದೊಡ್ಡ ಕೆಲಸ ಮಾಡ್ತಿದೀನಿ. ಅದನ್ನ ರಾಹುಕಾಲದಲ್ಲಿ ಮಾಡ್ಲಾ? ಕಳೀಲಿ ಇರು."

"ಸೈನ್ಸ್ ಓದಿದೀನಿ ಅಂತೀರಿ."

"ಸೈನ್ಸ್ ಬೇರೆ, ರಿಸ್ಕ್ ಬೇರೆ," ಎಂದ ಕಿಟ್ಟು. ವಿಮೆ ಆಫೀಸಿನ ಅನ್ನ ತಿಂದವರು ಹೀಗೇ ಮಾತಾಡುವುದು.

ರಾಹುಕಾಲ ಕಳೆಯುವುದರೊಳಗೆ ಅವನು ಮೂರು ಕೆಲಸ ಮುಗಿಸಿದ. ಹೂವಿನ ಜೊತೆ ಒಂದು ಸೆಲ್ಫಿ ತೆಗೆದುಕೊಂಡ. ಹಳೇ ಪೇಪರುಗಳಿಗೆ ಇಸ್ತ್ರಿ ಹಾಕಿದ. ಮ್ಯಾನೇಜರ್ ಮುನಿರಾಜಪ್ಪನವರಿಗೆ 'ಹೊಟ್ಟೆ ಕೆಟ್ಟಿದೆ ಸಾರ್, ಏಳೋಕೂ ಆಗ್ತಿಲ್ಲ' ಎಂದು ಮೆಸೇಜ್ ಹಾಕಿದ. ಸ್ನಾನ ಮಾಡಿ, ವಿಭೂತಿ ಧರಿಸಿ, ಕತ್ತರಿ ಹಿಡಿದು ಹೊರಗೆ ಬಂದಾಗ ಕುಂಡದಲ್ಲಿ ಗಿಡವಿತ್ತು, ತೊಟ್ಟಿತ್ತು, ಹೂವಿರಲಿಲ್ಲ.

ಮೊದಲು ಬೆಕ್ಕಿನ ಮೇಲೆ ಅನುಮಾನಪಟ್ಟ. ಆಮೇಲೆ ಗಾಳಿಯ ಮೇಲೆ. ಆಮೇಲೆ ಹಂಸಳ ಮೇಲೆ ಅನುಮಾನಪಟ್ಟು, ಅವಳು ನೋಡಿದ ರೀತಿಗೇ ಅದನ್ನು ವಾಪಸ್ ತೆಗೆದುಕೊಂಡ. ಅಷ್ಟರಲ್ಲಿ ಎದುರು ಮನೆಯ ಮುಂದೆ ಅನಸೂಯಮ್ಮ ಆಟೋದಿಂದ ಇಳಿದರು. ಹಣೆಯಲ್ಲಿ ದೊಡ್ಡ ಕುಂಕುಮ, ಒಂದು ಕೈಯಲ್ಲಿ ಪ್ರಸಾದ, ಇನ್ನೊಂದು ಕೈಯಲ್ಲಿ ಮಡಚಿದ ಪ್ಲಾಸ್ಟಿಕ್ ಕವರು. ಆ ಕವರನ್ನು ಬೀದಿಯ ಎಲ್ಲ ದಾಸವಾಳಗಳೂ ಬಲ್ಲವು. ಬೆಳಗಿನ ವಾಕಿಂಗ್ ಎಂದರೆ ಅನಸೂಯಮ್ಮನಿಗೆ ಕೊಕ್ಕೆಕೋಲು ಹಿಡಿದು ಕಂಡವರ ಕಾಂಪೌಂಡಿನಿಂದ ದೇವರಿಗೆ ಹೂವು ಒದಗಿಸುವುದು. ಅದಕ್ಕೆ ರಾಹುಕಾಲ ಗುಳಿಕಕಾಲ ಏನೂ ಇಲ್ಲ.

"ನನ್ನ ಹೂವು ಕಿತ್ತಿದ್ದು ನೀವೇ ಅಲ್ವಾ?" ಕಿಟ್ಟು ಬೀದಿಗೇ ಕೇಳುವ ಹಾಗೆ ಕೂಗಿದ.

"ಯಾರ್ರೀ ಕಿತ್ತಿದ್ದು? ಸುಮ್ನೆ ಹಿಂಗೆ ಮುಟ್ಟಿದೆ. ಅದೇ ಕೈಗೆ ಬಂತು."

"ಕಿತ್ತಿದ್ದೀರಿ!"

"ಮುಟ್ಟಿದ್ದು ಅಂದ್ನಲ್ಲ. ಅಷ್ಟಕ್ಕೂ ಸೋಮವಾರ ಈಶ್ವರನ ತಲೆ ಮೇಲೆ ಹೋಗಿದೆ. ಪುಣ್ಯದಲ್ಲಿ ನಿಮ್ಗೂ ಪಾಲು ಬರುತ್ತೆ ಬಿಡಿ."

ಪುಣ್ಯದಲ್ಲಿ ಪಾಲು ಬೇಡ, ಹೂವು ಇಡಿಯಾಗಿ ಬೇಕಿತ್ತು ಕಿಟ್ಟುವಿಗೆ. ಸಿಟ್ಟಿನಲ್ಲಿ ಫೋನು ತೆಗೆದು ಬೀದಿಯ ವಾಟ್ಸಾಪ್ ಗ್ರೂಪಿಗೆ ಬರೆದುಹಾಕಿದ: 'ನನ್ನ ಅಪರೂಪದ ಹೂವನ್ನು ಕಿತ್ತವರು ಬೇರೆ ಯಾರೂ ಅಲ್ಲ, ಶ್ರೀಮತಿ ಅನಸೂಯಮ್ಮನವರೇ. ಎಲ್ಲರಿಗೂ ಗೊತ್ತಿರಲಿ.' ಗ್ರೂಪಿನಲ್ಲಿ ಏಳೆಂಟು ಹೆಬ್ಬೆರಳು ಮೇಲೆದ್ದವು. ಕಿಟ್ಟುವಿಗೆ ಸ್ವಲ್ಪ ಸಮಾಧಾನವಾಯಿತು.

ಆಮೇಲೆ ಅನಸೂಯಮ್ಮನಿಗೆ ಎಲ್ಲ ಬಿಡಿಸಿ ಹೇಳಿದ. ಹೊಸ ಹೂವು, ಡಾಕ್ಟರ್ ಮಾರಿಯಾ, ಗಿಡ ಇನ್ನು ಸಾಯುವುದು, ಇವತ್ತು ಬಿಟ್ಟರೆ ಮತ್ತೆ ಇಲ್ಲ. ಹೆಸರಿನ ವಿಷಯ ಮಾತ್ರ ಹೇಳಲಿಲ್ಲ. ಸಂಕೋಚವಾಯಿತು. ಅನಸೂಯಮ್ಮನ ಮುಖ ಮೆತ್ತಗಾಯಿತು. "ಅಯ್ಯೋ, ಮೊದ್ಲೇ ಒಂದು ಬೋರ್ಡ್ ಹಾಕ್ಬಾರ್ದಿತ್ತಾ? ನಡೀರಿ, ನಾನೂ ಬರ್ತೀನಿ. ಗುಡಿಯಲ್ಲಿ ಗುಡ್ಡೆಗಟ್ಲೆ ಹೂವಿರುತ್ತೆ, ನಿಮಗೆಲ್ಲಿ ಸಿಗುತ್ತೆ."

ಕಿಟ್ಟು ಪರಿಚಯದ ಆಟೋ ನಜೀರ್‌ಗೆ ಫೋನು ಮಾಡಿದ. "ಎಲ್ಲಿಗೆ ಬರ್ಲಿ ಸಾಬ್?" ಎಂದ ನಜೀರ್.

"ಅನಸೂಯಮ್ಮನ ಮನೆ ಎದುರು," ಎಂದ ಕಿಟ್ಟು, ಅನಸೂಯಮ್ಮನ ಪಕ್ಕದಲ್ಲೇ ನಿಂತುಕೊಂಡು.

ಹಲಸೂರಿನ ಗುಡಿಯವರೆಗೂ ಆಟೋದಲ್ಲಿ ಒಂದೇ ವಾದ. ಕಿತ್ತಿದ್ದೀರಿ; ಇಲ್ಲ, ಮುಟ್ಟಿದ್ದು. ಇಂದಿರಾನಗರದ ಸಿಗ್ನಲ್ಲಿನಲ್ಲಿ ನಜೀರ್ ಹಿಂದೆ ತಿರುಗಿ, "ಅರೆ ಅಮ್ಮ, ಕಿತ್ತೆ ಅಂತ ಒಂದ್ ಸಲ ಬೋಲ್ ದೋ ನಾ, ಹೇಳ್ಬಿಡಿ. ಸಾಬ್‌ಗೆ ಬಿ.ಪಿ. ಬರುತ್ತೆ," ಎಂದ. ಅನಸೂಯಮ್ಮ ಬಗ್ಗಲಿಲ್ಲ.

ಗುಡಿಯಲ್ಲಿ ಪೂಜಾರಿಗಳಿಗೆ ಹೂವಿನ ನೆನಪು ಚೆನ್ನಾಗಿತ್ತು. "ಹೊಸ ಥರ ಇದ್ಯಲ್ಲ ಅಂತ ನೆತ್ತಿ ಮೇಲೇ ಇಟ್ಟೆ. ಒಬ್ಬರು ಅಜ್ಜಿ ಕೈಮುಗಿದು ಏನೋ ಕೇಳ್ಕೊಳ್ತಿದ್ರು. ಮಂಗಳಾರತಿ ಎತ್ತಿದೆ ನೋಡಿ, ಬಲಗಡೆಗೇ ಬಿತ್ತು! ಪ್ರಸಾದ ಆಯ್ತು ಅಂತ ಅವರ ಸೆರಗಿಗೇ ಹಾಕ್ಬಿಟ್ಟೆ."

"ಯಾವ ಅಜ್ಜಿ?" ಕಿಟ್ಟುವಿನ ಧ್ವನಿ ಗರ್ಭಗುಡಿಯಲ್ಲಿ ಗುಂಯ್ ಎಂದಿತು.

"ನಮ್ಮ ಮರ್ಫಿ ಟೌನ್ ಪಿಳ್ಳಮ್ಮ," ಎಂದರು ಅನಸೂಯಮ್ಮ. "ನನ್ನ ಪಕ್ಕದಲ್ಲೇ ನಿಂತಿದ್ಲು. ಮನೆ ಗೊತ್ತು, ಬನ್ನಿ."

ಪಿಳ್ಳಮ್ಮನ ಮನೆ ಮುಂದೆ ಬಾಡಿಗೆ ಕುರ್ಚಿಗಳು, ಒಳಗಿನಿಂದ ಕೇಸರಿಬಾತಿನ ವಾಸನೆ. ಮೊಮ್ಮಗಳು ಮೋನಿಷಾಳನ್ನು ನೋಡಲು ಗಂಡಿನ ಕಡೆಯವರು ಇನ್ನೇನು ಬರುವವರಿದ್ದರು. ಹಿಂದೆ ಬಂದ ಗಂಡುಗಳೆಲ್ಲ ಏನೋ ಒಂದು ನೆಪ ಹೇಳಿ ಹೋಗಿದ್ದರಿಂದ ಪಿಳ್ಳಮ್ಮ ಈ ಸಲ ನೇರವಾಗಿ ಈಶ್ವರನನ್ನೇ ಕೇಳಿ ಬಂದಿದ್ದಳು.

ಕಿಟ್ಟು ಕೈಮುಗಿದು ಎಲ್ಲ ಹೇಳಿದ. "ಅಮ್ಮಾ, ಈ ಹೂವನ್ನ ಪ್ರಪಂಚದಲ್ಲಿ ಇನ್ನೂ ಯಾರೂ ನೋಡಿಲ್ಲ."

"ಅದ್ಕೇ ಸಾಮಿ ಈಶ್ವರ ನಂಗೆ ಕೊಟ್ಟಿರೋದು," ಎಂದಳು ಪಿಳ್ಳಮ್ಮ. "ಅಕ್ಕಿ ಡಬ್ಬದಾಗೆ ಇಕ್ಕಿವ್ನಿ. ಗಂಡಿನ ಕಡೆಯೋರು ಹೂಂ ಅನ್ನೋಗಂಟ ಮುಚ್ಚಳ ತೆಗೆಯಾಕಿಲ್ಲ. ಅಂದ್ಬುಟ್ರೆ ತಗೊಂಡೋಗಿ."

ಅಕ್ಕಿ ಡಬ್ಬ ಎಂದ ಕೂಡಲೇ ಕಿಟ್ಟುವಿನ ಬಿ.ಎಸ್ಸಿ. ಎಚ್ಚರವಾಯಿತು. ಒಣ ಅಕ್ಕಿ ತೇವ ಎಳೆದುಕೊಳ್ಳುತ್ತದೆ. ತನ್ನ ಇಸ್ತ್ರಿ ಮಾಡಿದ ಪೇಪರಿಗಿಂತ ಹೂವು ಅಲ್ಲೇ ಸುಖವಾಗಿತ್ತು. "ಕಾಯ್ತೀನಿ," ಎಂದು ಕುರ್ಚಿಯಲ್ಲಿ ಕೂತ.

ಕೂತಿದ್ದೇ ತಪ್ಪಾಯಿತು. ಹೆಣ್ಣಿನ ಕಡೆ ಹಿರಿಯರಾಗಿ ಕೂರಬೇಕಿದ್ದ ಪಿಳ್ಳಮ್ಮನ ಮೈದುನ ಕೆ.ಆರ್. ಪುರದ ತೂಗುಸೇತುವೆ ಹತ್ತಿರ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡು, ಈ ಜನ್ಮದಲ್ಲಿ ಬರುವ ಹಾಗೆ ಕಾಣಲಿಲ್ಲ. ವಿಭೂತಿ, ಬಿಳಿ ಶರ್ಟು, ಅರ್ಧ ನರೆತ ಮೀಸೆಯ ಕಿಟ್ಟುವನ್ನು ಪಿಳ್ಳಮ್ಮ ಮೇಲಿಂದ ಕೆಳಗೆ ನೋಡಿದಳು. "ಸಾಮಿ, ಒಂದರ್ಧ ಗಂಟೆ ನೀವೇ ದೊಡ್ಡಪ್ಪ ಆಗ್ಬುಡಿ."

"ಆಗ್ತಾರೆ ಬಿಡು," ಎಂದು ಅನಸೂಯಮ್ಮ ಅವನ ಪರವಾಗಿ ಒಪ್ಪಿಕೊಂಡರು. ಅವನ ಜೇಬಿನಿಂದ ಕತ್ತರಿ ತೆಗೆದು ತಮ್ಮ ಚೀಲಕ್ಕೆ ಹಾಕಿಕೊಂಡರು. ದೊಡ್ಡಪ್ಪನ ಜೇಬಿನಲ್ಲಿ ಕತ್ತರಿ ಇದ್ದರೆ ಗಂಡಿನ ಕಡೆಯವರು ಏನು ತಿಳಿದುಕೊಂಡಾರು?

ಬೆಳಗಿನಿಂದ ಹೊಟ್ಟೆಗೇನೂ ಇಲ್ಲದ ದೊಡ್ಡಪ್ಪ ಕೇಸರಿಬಾತಿನ ಮೇಲೆ ಸಿಟ್ಟು ತೀರಿಸಿಕೊಳ್ಳುತ್ತಿರುವಾಗ ಗಂಡಿನ ಕಡೆಯವರು ಬಂದರು. ಹುಡುಗ ಸಿದ್ಧಾರ್ಥ್, ಅವನ ಅಪ್ಪ ಅಮ್ಮ, ಅವರ ಹಿಂದೆ ಚಪ್ಪಲಿ ಬಿಡುತ್ತಿದ್ದ ಸೋದರಮಾವ. ಸೋದರಮಾವ ತಲೆಯೆತ್ತಿದರು. ಮ್ಯಾನೇಜರ್ ಮುನಿರಾಜಪ್ಪ!

ಕಿಟ್ಟುವಿನ ಬಾಯಲ್ಲಿದ್ದ ಗೋಡಂಬಿ ಅಲ್ಲೇ ನಿಂತಿತು.

"ಏನ್ರೀ ಕೃಷ್ಣಮೂರ್ತಿ, ಹೊಟ್ಟೆ ಹೇಗಿದೆ?"

"ಈಗ... ಸ್ವಲ್ಪ ಪರವಾಗಿಲ್ಲ ಸಾರ್."

"ಕಾಣ್ತಿದೆ. ಎರಡನೇ ಪ್ಲೇಟಾ?"

"ಮೂರ್ನೇದು ಸಾಮಿ," ಎಂದಳು ಪಿಳ್ಳಮ್ಮ ಹೆಮ್ಮೆಯಿಂದ. "ನಮ್ಮ ಹುಡುಗೀನೇ ಮಾಡಿರೋದು."

"ಹುಡುಗಿಗೆ ನೀವು ಏನಾಗಬೇಕು?"

"ದೊಡ್ಡಪ್ಪ," ಎಂದರು ಅನಸೂಯಮ್ಮ.

ಮುನಿರಾಜಪ್ಪ ಕಿಟ್ಟುವನ್ನು ನೋಡಿದರು, ಪಿಳ್ಳಮ್ಮನನ್ನು ನೋಡಿದರು, ಕಿಟ್ಟುವಿನ ಹರಟೆಯಲ್ಲಿ ಇಷ್ಟು ವರ್ಷ ಒಮ್ಮೆಯೂ ಬಾರದ ಈ ನೆಂಟಸ್ತಿಕೆಯ ಬಗ್ಗೆ ಯೋಚಿಸಿದರು. ಕಿಟ್ಟುವಿಗೆ ಸುಳ್ಳು ಹೇಳಲು ಬರುವುದು ಮೆಸೇಜಿನಲ್ಲಿ ಮಾತ್ರ. ಎದುರಿಗೆ ಯಾರಾದರೂ ಕಣ್ಣಿಟ್ಟು ನೋಡಿದರೆ ಎಲ್ಲ ಹೊರಗೆ ಬಂದುಬಿಡುತ್ತದೆ. ಬಂತು. ಬೆಟ್ಟದಿಂದ ಜಾರಿದ್ದು, ಪ್ಯಾಂಟು ಹರಿದದ್ದು, ಮೂರು ವರ್ಷ ನೀರು ಹಾಕಿದ್ದು, ರಾಹುಕಾಲ ಕಳೆಯಲಿ ಎಂದು ಪೇಪರಿಗೆ ಇಸ್ತ್ರಿ ಹಾಕುತ್ತ ಕೂತದ್ದು. "ಈ ಮಹಾತಾಯಿ ಕಿತ್ಕೊಂಡು ಹೋದ್ರು ಸಾರ್! ಇವರೇ ಕಿತ್ತಿದ್ದು!"

"ಮುಟ್ಟಿದ್ದು," ಎಂದರು ಅನಸೂಯಮ್ಮ.

ಅಲ್ಲಿಯವರೆಗೆ ನೆಲ ನೋಡುತ್ತಿದ್ದ ಮೋನಿಷಾಗೆ ಕಿಸಕ್ಕೆಂದು ನಗು ಬಂತು. ಅದೇ ಕ್ಷಣಕ್ಕೆ ಸಿದ್ಧಾರ್ಥ್‌ಗೂ ಬಂತು. ಇಬ್ಬರೂ ನಗುತ್ತಲೇ ಒಬ್ಬರನ್ನೊಬ್ಬರು ನೋಡಿದರು, ಇನ್ನೂ ನಕ್ಕರು, ಇಸ್ತ್ರಿಯ ಮಾತು ನೆನೆದು ಮತ್ತೆ ನಕ್ಕರು. ಪಿಳ್ಳಮ್ಮನಿಗೆ ಅಷ್ಟು ಸಾಕಾಯಿತು, ಗಂಡಿನ ಅಮ್ಮನಿಗೂ ಸಾಕಾಯಿತು. ಎರಡು ಮನೆಯವರಿಗೆ ಒಬ್ಬನೇ ಮನುಷ್ಯನ ಪೆದ್ದುತನ ಇಷ್ಟು ಹಿಡಿಸಿದ ಮೇಲೆ ಇನ್ನೇನು ಹೊಂದಾಣಿಕೆ ಬೇಕು?

"ಮುಹೂರ್ತ ನೋಡಿಸ್ಬೇಕಲ್ಲ," ಎಂದಳು ಪಿಳ್ಳಮ್ಮ.

"ನಾವು ವಿಹಾರಕ್ಕೆ ಹೋಗೋರು ಕಣಮ್ಮ, ಬುದ್ಧನ್ನ ನಂಬಿದೋರು. ರಾಹುಕಾಲ ಗೀಹುಕಾಲ ನೋಡಲ್ಲ," ಎಂದರು ಮುನಿರಾಜಪ್ಪ. "ನೋಡಿದ್ರೆ ಏನಾಗುತ್ತೆ ಅಂತ ಇವತ್ತು ಕಣ್ಣಾರೆ ನೋಡಿದ್ನಲ್ಲ." ಹೊರಡುವಾಗ ಕಿಟ್ಟುವಿನ ಭುಜ ತಟ್ಟಿ, "ನಾಳೆ ಆಫೀಸಿಗೆ ಬನ್ನಿ. ಹೊಟ್ಟೆ ವಿಷಯ ಮಾತಾಡೋಣ," ಎಂದರು.

ಪಿಳ್ಳಮ್ಮ ಕಣ್ಣೊರೆಸಿಕೊಳ್ಳುತ್ತ ಅಕ್ಕಿ ಡಬ್ಬ ತೆಗೆದಳು. ಹೂವು ಸ್ವಲ್ಪ ಸೊರಗಿದ್ದರೂ ಒಂದು ಎಸಳೂ ಮುಕ್ಕಾಗಿರಲಿಲ್ಲ. ಕಿಟ್ಟು ಎರಡೂ ಕೈ ಚಾಚಿದ. ಪಿಳ್ಳಮ್ಮ ಅವನ ಕೈ ದಾಟಿ ಅದನ್ನು ಅನಸೂಯಮ್ಮನಿಗೆ ಕೊಟ್ಟಳು. "ಗುಡಿಗೆ ತಂದೋಳು ನೀನು ತಾನೇ? ನಿನ್ನ ಕೈಗುಣ." ಯಾರ ಕೈಯಲ್ಲಿದ್ದರೇನು, ಸಿಕ್ಕಿತಲ್ಲ ಎಂದುಕೊಂಡ ಕಿಟ್ಟು. ಹೂವು ಮತ್ತೆ ಅದೇ ಪ್ಲಾಸ್ಟಿಕ್ ಕವರು ಸೇರಿತು.

ಬೆನ್ಸನ್ ಟೌನಿನ ದಾರಿಯಲ್ಲಿ, ಶಿವಾಜಿನಗರದ ಬಸ್ಸುಗಳ ನಡುವೆ ಆಟೋ ಸಿಕ್ಕಿಬಿದ್ದಿದ್ದಾಗ, ಕಿಟ್ಟು ಕೊನೆಯ ಸಲ ಕೇಳಿದ. "ಇನ್ನಾದ್ರೂ ಒಪ್ಕೊಳ್ಳಿ ಅನಸೂಯಮ್ಮ. ಮನಸ್ಸು ಹಗುರ ಆಗುತ್ತೆ."

ಅನಸೂಯಮ್ಮನಿಗೂ ಸುಸ್ತಾಗಿತ್ತು. "ಹೂಂ ರೀ, ನಾನೇ ಕಿತ್ತೆ. ತೊಟ್ಟು ಗಟ್ಟಿಯಿತ್ತು, ಉಗುರು ಹಾಕಿ ಕಿತ್ತೆ. ಸಾಕಾ?"

"ನಜೀರ್, ಕೇಳಿಸ್ತಾ?"

"ಪಕ್ಕಾ ಕೇಳಿಸ್ತು ಸಾಬ್."

ಕಿಟ್ಟು ಸೀಟಿಗೆ ಒರಗಿ ಕಾಲು ಚಾಚಿದ. ಬೆಳಗಿನಿಂದ ಅವನಿಗೆ ಸಿಕ್ಕಿದ್ದ ಮೊದಲ ಗೆಲುವು ಅದು.

ಡಾಕ್ಟರ್ ಮಾರಿಯಾ ಹೂವನ್ನು ಮಸೂರದ ಕೆಳಗಿಟ್ಟು ಸೂಜಿಯಿಂದ ಎಸಳು ಬಿಡಿಸಿದರು. ದಪ್ಪ ಪುಸ್ತಕಗಳನ್ನು ತೆಗೆದರು, ಮುಚ್ಚಿದರು. ನಜೀರ್ ಕೂಡ ಬಾಗಿಲಲ್ಲಿ ನಿಂತು ಇಣುಕುತ್ತಿದ್ದ. ಕೊನೆಗೆ ಮೇಡಂ ಕನ್ನಡಕ ತೆಗೆದರು. "ಕೃಷ್ಣಮೂರ್ತಿ, ಇಟ್ ಈಸ್ ನ್ಯೂ. ಇಂಥದ್ದು ಎ‌ಲ್ಲೂ ದಾಖಲಾಗಿಲ್ಲ."

ಕಿಟ್ಟುವಿಗೆ ಕಣ್ಣು ತುಂಬಿ ಬಂತು. ಬೆಟ್ಟದಿಂದ ಜಾರಿದ್ದು, ಆಫೀಸಿನಲ್ಲಿ ನಗೆಪಾಟಲಾಗಿದ್ದು ಎಲ್ಲ ಸಾರ್ಥಕವಾಯಿತು ಅನ್ನಿಸಿತು. ಅನಸೂಯಮ್ಮ ಕೂಡ ಸೆರಗಿನಿಂದ ಮೂಗೊರೆಸಿಕೊಂಡರು.

"ಫೋಟೋ ಇದ್ಯಾ?" ಕಿಟ್ಟು ಸೆಲ್ಫಿ ತೋರಿಸಿದ. ಅದರ ತುಂಬ ಅವನ ನಗುಮುಖವಿತ್ತು. ಕಿವಿಯ ಹಿಂದೆ ನೀಲಿಯ ಒಂದು ಮಚ್ಚೆ. "ಇದರಲ್ಲಿ ಹೊಸ ಪ್ರಭೇದ ಯಾವುದು?" ಎಂದು ಕೇಳಿ ಮೇಡಂ ಫೋನು ವಾಪಸ್ ಕೊಟ್ಟರು. ಆಮೇಲೆ ಒಂದು ಬಿಳಿ ಚೀಟಿ ಎಳೆದುಕೊಂಡು ಪೆನ್ನು ತೆಗೆದರು. "ಸರಿ. ಹೂವು ಕಿತ್ತವರು ಯಾರು?"

"ನಾನೇ ಮೇಡಂ. ಕೃಷ್ಣಮೂರ್ತಿ."

"ಏನ್ರೀ ಇದು!" ಅನಸೂಯಮ್ಮ ಎದ್ದು ನಿಂತರು. "ಬೆಳಗ್ಗೆಯಿಂದ ಗುಡಿಯಲ್ಲಿ, ಬೀದಿಯಲ್ಲಿ, ಕಂಡವರ ಮನೆ ಹೆಣ್ಣು ನೋಡೋ ಶಾಸ್ತ್ರದಲ್ಲಿ ನಾನೇ ಕಿತ್ತಿದ್ದು ಅಂತ ಮಾನ ಕಳೆದ್ರಿ. ಈಗ ನೀವಾ? ನೋಡಿ ಮೇಡಂ, ಇವ್ರೇ ಗ್ರೂಪಲ್ಲಿ ಹಾಕಿದಾರೆ." ಫೋನು ಮೇಜಿನ ಮೇಲೆ ಬಂತು. 'ಕಿತ್ತವರು ಬೇರೆ ಯಾರೂ ಅಲ್ಲ, ಶ್ರೀಮತಿ ಅನಸೂಯಮ್ಮನವರೇ. ಎಲ್ಲರಿಗೂ ಗೊತ್ತಿರಲಿ.' ಕೆಳಗೆ ಈಗ ಇಪ್ಪತ್ತಕ್ಕೂ ಹೆಚ್ಚು ಹೆಬ್ಬೆರಳುಗಳಿದ್ದವು.

"ಸಾಬ್, ನಾನೂ ಕೇಳಿದೀನಿ," ಎಂದ ನಜೀರ್ ಬಾಗಿಲಿನಿಂದ. "ಉಗುರು ಹಾಕಿ ಕಿತ್ತೆ ಅಂದ್ರು. ಪಕ್ಕಾ."

"ಮೇಡಂ, ಬೆಟ್ಟದಿಂದ ಗಿಡ ತಂದಿದ್ದು ನಾನು. ನೀರು ಹಾಕಿದ್ದು ನಾನು. ರಾಹುಕಾಲ ಒಂದು ಇರ್ಲಿಲ್ಲ ಅಂದಿದ್ರೆ..." ಎಂದ ಕಿಟ್ಟು.

"ಗಿಡ ತಂದಿದ್ದು ನೀವೇ, ಆದ್ರೆ ತಂದವರ ಹೆಸರು ಇಡ್ತೀನಿ ಅಂದಿರ್ಲಿಲ್ಲ. ಹೂವು ಕಿತ್ತವರ ಹೆಸರು ಅಂತ ಆವತ್ತೇ ಹೇಳಿದ್ದೆ," ಎಂದರು ಮೇಡಂ, ಕಟುವಾಗೇನೂ ಅಲ್ಲ. "ನಿಮಗೆ ರಾಹುಕಾಲ ಹೇಗೋ ನನಗೆ ಈ ಪದ್ಧತಿ ಹಾಗೆ. ಬಿಡೋಕಾಗಲ್ಲ." ಚೀಟಿಯ ಮೇಲೆ ದುಂಡನೆಯ ಅಕ್ಷರದಲ್ಲಿ ಅನಸೂಯಮ್ಮನ ಹೆಸರು ಬರೆದು, ಪಕ್ಕದಲ್ಲಿ ಲ್ಯಾಟಿನ್ನಿನ ಬಾಲ ಸೇರಿಸಿದರು.

ತಮ್ಮ ಹೆಸರು ಇನ್ನು ಪ್ರಪಂಚ ಇರುವವರೆಗೂ ಇರುತ್ತದೆ ಎಂದು ಗೊತ್ತಾದ ಮೇಲೆ ಅನಸೂಯಮ್ಮ ನಾಚಿಕೊಂಡರು. "ಅಯ್ಯೋ, ನಂಗ್ಯಾಕೆ ಇವೆಲ್ಲ," ಎಂದು ಎರಡು ಸಲ ಅಂದರು. ಬೇಡ ಎಂದು ಒಂದು ಸಲವೂ ಅನ್ನಲಿಲ್ಲ.

"ಬೇಜಾರು ಮಾಡ್ಕೋಬೇಡಿ, ಕೃಷ್ಣಮೂರ್ತಿ," ಎಂದರು ಮೇಡಂ. "ಗಿಡ ಬೆಳೆಸಿದ ಜಾಗವನ್ನೂ ಬರೀಬೇಕು. ಲೋಕದ ಎಲ್ಲ ಪುಸ್ತಕಗಳಲ್ಲೂ ನಿಮ್ಮ ಮನೆ ಬರುತ್ತೆ. ಸರಿಯಾಗಿ ವಿಳಾಸ ಹೇಳಿ."

ಕಿಟ್ಟು ಇನ್ನೂ ಆ ಚೀಟಿಯನ್ನೇ ನೋಡುತ್ತಿದ್ದ. ಬಾಯಿ ತನ್ನ ಪಾಡಿಗೆ ತಾನು ಹೇಳಿತು: "ಕಗ್ಗದಾಸಪುರ ಮೇಡಂ. ಅನಸೂಯಮ್ಮನ ಮನೆ ಎದುರು."

ಮೇಡಂ ಅದನ್ನೂ ಹಾಗೇ ಬರೆದುಕೊಂಡರು.